ಎಂಟು ದೇಶ, ಒಂದು ಬಸ್ಸು: ಯುರೋಪ್ ಪ್ರವಾಸ ಯೋಜಿಸುವುದು ಹೇಗೆ?

ಬೇಸಿಗೆ ರಜೆಯಲ್ಲಿ ಅಜ್ಜ-ಅಜ್ಜಿ, ಮಕ್ಕಳನ್ನೆಲ್ಲ ಕರೆದುಕೊಂಡು ಪ್ಯಾರಿಸ್‌ನಿಂದ ರೋಮ್‌ವರೆಗೆ ಸುತ್ತುವುದಿದ್ದರೆ ಬಸ್ಸೇ ಸರಿಯಾದ ವಾಹನ. ರೈಲಿನಲ್ಲಿ ಊರೂರಿಗೂ ಸೂಟ್‌ಕೇಸ್ ಎಳೆದುಕೊಂಡು ಪ್ಲಾಟ್‌ಫಾರಂ ಹತ್ತಿಳಿಯುವ ಪಾಡು ವಯಸ್ಸಾದವರಿಗೆ ಬೇಡ. ಆದರೆ ಯುರೋಪಿನಲ್ಲಿ ಬಸ್ಸು ನಮ್ಮಿಷ್ಟದಂತೆ ಓಡುವುದಿಲ್ಲ. ಚಾಲಕ ದಿನಕ್ಕೆ ಎಷ್ಟು ಗಂಟೆ ಓಡಿಸಬಹುದು, ಎಷ್ಟು ಹೊತ್ತು ವಿಶ್ರಾಂತಿ ಪಡೆಯಬೇಕು ಎಂಬುದೆಲ್ಲ ಕಾನೂನಿನಲ್ಲಿ ನಿಗದಿಯಾಗಿದೆ. ಪ್ರವಾಸದ ಪಟ್ಟಿ ಹಾಕುವಾಗ ಮೊದಲು ನೋಡಬೇಕಾದದ್ದು ಅದನ್ನೇ. ಊರುಗಳನ್ನು ಮೊದಲು ಆರಿಸಿ ಗಂಟೆಗಳನ್ನು ಆಮೇಲೆ ಹೊಂದಿಸಲು ಹೊರಟವರೇ ದಾರಿಯಲ್ಲಿ ಒಂದೊಂದಾಗಿ ಊರು ಬಿಡುತ್ತಾ ಹೋಗಬೇಕಾಗುತ್ತದೆ.

ಮೊದಲು ಚಾಲಕನ ಗಂಟೆಗಳು

ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಒಬ್ಬ ಚಾಲಕ ದಿನಕ್ಕೆ 9 ಗಂಟೆ ಬಸ್ ಓಡಿಸಬಹುದು. ವಾರದಲ್ಲಿ ಎರಡು ದಿನ ಮಾತ್ರ ಇದು 10 ಗಂಟೆಗೆ ಹಿಗ್ಗುತ್ತದೆ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಒಟ್ಟು 45 ನಿಮಿಷ ವಿರಾಮ ಕಡ್ಡಾಯ. ಅದನ್ನು ಭಾಗ ಮಾಡಿ ತೆಗೆದುಕೊಳ್ಳಬಹುದು. ರಾತ್ರಿ ಸತತ 11 ಗಂಟೆಗಳ ವಿಶ್ರಾಂತಿ ಬೇಕು. ಒಂದು ವಾರದ ರಜೆಗೂ ಮುಂದಿನ ವಾರದ ರಜೆಗೂ ನಡುವೆ ಮೂರು ಸಲ ಮಾತ್ರ ಅದನ್ನು 9 ಗಂಟೆಗೆ ಇಳಿಸಬಹುದು. ಇದೆಲ್ಲ ಬಸ್ಸಿನಲ್ಲಿರುವ ಟ್ಯಾಕೋಗ್ರಾಫ್ ಎಂಬ ಯಂತ್ರದಲ್ಲಿ ತಾನಾಗಿ ದಾಖಲಾಗುತ್ತದೆ. ಹೆದ್ದಾರಿಯಲ್ಲಿ ಪೊಲೀಸರು ತಡೆದು ಅದನ್ನೇ ಪರಿಶೀಲಿಸುತ್ತಾರೆ, ದಂಡ ಭಾರಿ. ‘ಇನ್ನೊಂದರ್ಧ ಗಂಟೆ ಓಡಿಸಿಬಿಡಪ್ಪ’ ಎಂದು ಕೇಳಿಕೊಂಡರೆ ಚಾಲಕ ಒಪ್ಪದಿರುವುದು ಒರಟುತನದಿಂದಲ್ಲ, ಅವರ ಲೈಸೆನ್ಸು ಅದರ ಮೇಲೆ ನಿಂತಿದೆ.

11 ಗಂಟೆ ವಿಶ್ರಾಂತಿ ಎಂದರೆ ಕೆಲಸದ ದಿನಕ್ಕೆ ಉಳಿಯುವುದು 13 ಗಂಟೆ. ಬೆಳಿಗ್ಗೆ 8ಕ್ಕೆ ಹೊರಟ ಬಸ್ಸು ರಾತ್ರಿ 9ರೊಳಗೆ ಹೋಟೆಲ್ ಸೇರಬೇಕು. ನೀವು ಮ್ಯೂಸಿಯಂ ನೋಡುತ್ತಿರುವಾಗ ಚಾಲಕ ಕಾಯುವ ಸಮಯವೂ ಈ 13ರಲ್ಲೇ ಸೇರುತ್ತದೆ. ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಕತ್ತಲಾಗುವುದೇ ರಾತ್ರಿ 10ರ ಮೇಲೆ. ಐಫೆಲ್ ಗೋಪುರದ ದೀಪಾಲಂಕಾರ ನೋಡಿ 11ಕ್ಕೆ ಹೋಟೆಲಿಗೆ ಬಂದರೆ ಮರುದಿನ ಅದೇ ಚಾಲಕ ಸಾಮಾನ್ಯವಾಗಿ ಬೆಳಿಗ್ಗೆ 10ರ ಮೊದಲು ಬಸ್ ತೆಗೆಯುವಂತಿಲ್ಲ. ಆದ್ದರಿಂದ ದೀಪ ನೋಡುವ ರಾತ್ರಿಯ ಮರುದಿನವೇ ದೂರದ ಊರಿಗೆ ಹೊರಡುವ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ.

ಪ್ರವಾಸಿ ಬಸ್ಸುಗಳಿಗೆ ಗಂಟೆಗೆ 100 ಕಿ.ಮೀ. ಮೀರದಂತೆ ವೇಗ ನಿಯಂತ್ರಕ ಅಳವಡಿಸಿರುತ್ತಾರೆ. ಊರ ದಟ್ಟಣೆ ಸೇರಿದರೆ ಕೈಗೆ ಸಿಗುವ ಸರಾಸರಿ 70ರಿಂದ 75. ಮೊಬೈಲ್ ನಕ್ಷೆ ತೋರಿಸುವುದು ಕಾರಿನ ಸಮಯ. ಅದಕ್ಕೆ ಕಾಲು ಭಾಗ ಸೇರಿಸಿಕೊಳ್ಳಿ.

ದಾರಿಯನ್ನು ಹೀಗೆ ಪರೀಕ್ಷಿಸಿ

ಹೆಚ್ಚಿನ ಕಂಪನಿಗಳು ಮಾರುವ ದಾರಿ ಇದು: ಪ್ಯಾರಿಸ್, ಬ್ರಸೆಲ್ಸ್, ಆ್ಯಮ್‌ಸ್ಟರ್‌ಡ್ಯಾಂ, ಜರ್ಮನಿಯ ಕಲೋನ್, ಬ್ಲ್ಯಾಕ್ ಫಾರೆಸ್ಟ್, ಸ್ವಿಟ್ಜರ್ಲೆಂಡಿನ ಲೂಸರ್ನ್, ಲೀಕ್ಟನ್‌ಸ್ಟೈನಿನ ವಾಡುಜ್, ಆಸ್ಟ್ರಿಯಾದ ಇನ್ಸ್‌ಬ್ರುಕ್, ಇಟಲಿಯ ವೆನಿಸ್, ಪೀಸಾ, ಫ್ಲಾರೆನ್ಸ್, ರೋಮ್. ಪ್ಯಾರಿಸ್‌ನಲ್ಲಿ ಇಳಿದು ರೋಮ್‌ನಿಂದ ವಾಪಸ್ ಹಾರುವುದರಿಂದ ಬಂದ ದಾರಿಯಲ್ಲೇ ಮರಳಬೇಕಿಲ್ಲ. ವಿಮಾನ ಟಿಕೆಟನ್ನು ಹೀಗೇ ತೆಗೆಯಿರಿ.

ಈಗ ಪ್ರತಿ ದಿನದ ಕಿಲೋಮೀಟರ್ ಬರೆದುಕೊಳ್ಳಿ. ಪ್ಯಾರಿಸ್‌ನಿಂದ ಬ್ರಸೆಲ್ಸ್ ಸುಮಾರು 310, ಅಲ್ಲಿಂದ ಆ್ಯಮ್‌ಸ್ಟರ್‌ಡ್ಯಾಂ 210. ಒಟ್ಟು 520 ಕಿ.ಮೀ., ಏಳು ಗಂಟೆ ಓಟ. ಬ್ರಸೆಲ್ಸ್‌ನ ಗ್ರ್ಯಾಂಡ್ ಪ್ಲಾಸ್‌ಗೆ ಎರಡು ಗಂಟೆ ಕೊಟ್ಟರೂ ದಿನ ಹೊಂದುತ್ತದೆ. ಕೆಡುವುದು ಇಟಲಿಯಲ್ಲಿ. ವೆನಿಸ್ ಪಕ್ಕದ ಮೆಸ್ತ್ರೆಯಿಂದ ಪೀಸಾ 330, ಪೀಸಾದಿಂದ ಫ್ಲಾರೆನ್ಸ್ 85, ಅಲ್ಲಿಂದ ರೋಮ್ 275. ಕೂಡಿಸಿದರೆ 690 ಕಿ.ಮೀ., ಓಟವೇ 9 ಗಂಟೆ ದಾಟುತ್ತದೆ. ವಿರಾಮ, ಊಟ, ಎರಡು ಊರು ನೋಡುವ ಸಮಯ ಸೇರಿದರೆ 13 ಗಂಟೆಯಲ್ಲಿ ಮುಗಿಯುವುದು ಅಸಾಧ್ಯ. ಕರಪತ್ರದಲ್ಲಿ ಇವೆಲ್ಲ ಒಂದೇ ದಿನಕ್ಕೆ ಬರೆದಿದ್ದರೆ ಫ್ಲಾರೆನ್ಸನ್ನು ಗುಡ್ಡದ ಮೇಲಿನ ಪಿಯಾಟ್ಸಾಲೆ ಮಿಕೆಲಾಂಜೆಲೋದಿಂದ ಅರ್ಧ ಗಂಟೆ ತೋರಿಸಿ ಹೊರಡಿಸುತ್ತಾರೆ ಎಂದೇ ತಿಳಿಯಿರಿ. ಶಿಲ್ಪಿ ಮೈಕೆಲಾಂಜೆಲೊ, ವಾಸ್ತುಶಿಲ್ಪಿ ಬ್ರುನೆಲೆಸ್ಕಿ ಕೆಲಸ ಮಾಡಿದ ಊರಿಗೆ ಇದು ನ್ಯಾಯವಲ್ಲ. ಪೀಸಾ, ಫ್ಲಾರೆನ್ಸ್ ಇರುವ ಟಸ್ಕನಿ ಪ್ರಾಂತ್ಯದಲ್ಲಿ ಒಂದು ರಾತ್ರಿ ಸೇರಿಸಿ, ಇಲ್ಲವೇ ಪೀಸಾ ಬಿಡಿ.

ಕರಪತ್ರದ ಪದಗಳನ್ನು ಗಮನವಿಟ್ಟು ಓದಿ. ‘ಪ್ರವೇಶ’ ಎಂದಿದ್ದರೆ ಟಿಕೆಟ್ ಸೇರಿದೆ. ‘ವೀಕ್ಷಣೆ’, ‘ಫೋಟೊ ಸ್ಟಾಪ್’ ಎಂದರೆ ಹೊರಗಿನಿಂದ ನೋಡುವುದು. ‘ಹಾದುಹೋಗುವುದು’ ಎಂದರೆ ಬಸ್ಸಿನ ಕಿಟಕಿಯಿಂದ. ಐಫೆಲ್ ಎಂದರೆ ಎರಡನೇ ಮಹಡಿಯೋ ತುದಿಯೋ ಎಂದೂ ಕೇಳಿ. ಲೂವ್ರ್ ಮಂಗಳವಾರ, ವರ್ಸೈ ಅರಮನೆ ಸೋಮವಾರ ಮುಚ್ಚಿರುತ್ತವೆ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರ ಬಿಟ್ಟು ಉಳಿದ ಭಾನುವಾರ ಇರುವುದಿಲ್ಲ. ಹಾಲೆಂಡಿನ ಕ್ಯೂಕೆನ್‌ಹಾಫ್ ಟುಲಿಪ್ ತೋಟ ತೆರೆದಿರುವುದು ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ ಮಾತ್ರ. ನಮ್ಮ ಶಾಲೆಗಳ ರಜೆಗೆ ಇದು ಚೆನ್ನಾಗಿ ಹೊಂದುತ್ತದೆ. ಪೀಸಾ ಗೋಪುರ ಹತ್ತಲು ಮಕ್ಕಳಿಗೆ 8 ವರ್ಷ ತುಂಬಿರಬೇಕು.

ವೀಸಾ: ರಾತ್ರಿಗಳನ್ನು ಎಣಿಸಿ

ಮೇಲಿನ ಎಲ್ಲ ದೇಶಗಳಿಗೂ ಒಂದೇ ಷೆಂಗೆನ್ ವೀಸಾ (ತಮ್ಮೊಳಗೆ ಗಡಿ ತಪಾಸಣೆ ಇಟ್ಟುಕೊಳ್ಳದ ಯುರೋಪಿನ ದೇಶಗಳ ಸಮಾನ ವೀಸಾ) ಸಾಕು. ಸ್ವಿಟ್ಜರ್ಲೆಂಡ್, ಲೀಕ್ಟನ್‌ಸ್ಟೈನ್ ಐರೋಪ್ಯ ಒಕ್ಕೂಟದಲ್ಲಿಲ್ಲ, ಆದರೆ ಷೆಂಗೆನ್‌ನಲ್ಲಿವೆ. ಲಂಡನ್ ಸೇರಿಸಿದರೆ ಬ್ರಿಟನ್ನಿನ ವೀಸಾ ಬೇರೆಯೇ ಬೇಕು. ಲಂಡನ್ ನಡುವೆ ಬಂದರೆ ಷೆಂಗೆನ್ ವೀಸಾವನ್ನು ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸುವಂತೆ ಕೇಳಬೇಕು. ಲಂಡನ್ನನ್ನು ಪ್ರವಾಸದ ಆರಂಭಕ್ಕೇ ಇಟ್ಟರೆ ಆ ತೊಡಕಿಲ್ಲ.

ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ತಂಗುವ ದೇಶಕ್ಕೆ. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಪ್ಯಾರಿಸ್ 3 ರಾತ್ರಿ, ಆ್ಯಮ್‌ಸ್ಟರ್‌ಡ್ಯಾಂ 1, ಫ್ರಾಂಕ್‌ಫರ್ಟ್ 1, ಲೂಸರ್ನ್ 3, ಇನ್ಸ್‌ಬ್ರುಕ್ 1, ಮೆಸ್ತ್ರೆ 1, ರೋಮ್ 2 ಎಂದಿಟ್ಟುಕೊಳ್ಳಿ. ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ ಮೂರಕ್ಕೂ ಮೂರು ಮೂರು ರಾತ್ರಿ. ಹಾಗಾಗಿ ಅರ್ಜಿ ಫ್ರಾನ್ಸಿಗೆ. ಟಸ್ಕನಿಯಲ್ಲಿ ಒಂದು ರಾತ್ರಿ ಸೇರಿಸಿದೊಡನೆ ಇಟಲಿಗೆ ನಾಲ್ಕಾಗುತ್ತದೆ, ಅರ್ಜಿ ಇಟಲಿಗೆ ಹೋಗಬೇಕು. ದಾರಿ ಅಂತಿಮವಾಗುವ ಮೊದಲೇ ವೀಸಾ ಅಪಾಯಿಂಟ್‌ಮೆಂಟ್ ತೆಗೆದುಕೊಂಡವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45, ಆರು ತುಂಬದವರಿಗೆ ಇಲ್ಲ. ವೀಸಾ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನವೂ ಹಿಡಿಯುತ್ತದೆ. ಏಪ್ರಿಲ್‌ನಲ್ಲಿ ಹೊರಡುವವರು ಜನವರಿಯಲ್ಲೇ ಬೆಂಗಳೂರಿನ ಕೇಂದ್ರದಲ್ಲಿ ದಿನಾಂಕ ಹಿಡಿಯಬೇಕು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸಾಗುವ ದಿನದಿಂದ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ. ಹಿರಿಯರಿಗೆ ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಬರೆಸಿಯೇ ವಿಮೆ ಮಾಡಿಸಿ. ಮುಚ್ಚಿಟ್ಟರೆ ಕ್ಲೇಮು ತಿರಸ್ಕಾರವಾಗುತ್ತದೆ. 12 ತುಂಬಿದವರೆಲ್ಲ ಬೆರಳಚ್ಚಿಗೆ ಖುದ್ದಾಗಿ ಹೋಗಬೇಕು. ಹಿಂದಿನ 59 ತಿಂಗಳಲ್ಲಿ ಕೊಟ್ಟಿದ್ದರೆ ಸಾಮಾನ್ಯವಾಗಿ ಮತ್ತೆ ಬೇಡ. ಮಗು ತಂದೆ ಅಥವಾ ತಾಯಿಯ ಜೊತೆ ಮಾತ್ರ ಹೋಗುತ್ತಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಬೇಕು.

ಪ್ಯಾಕೇಜ್ ಹಣದ ಮೇಲೆ ಕಂಪನಿ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತದೆ. ಅದು ಆದಾಯ ತೆರಿಗೆಯಲ್ಲಿ ಹೊಂದಾಣಿಕೆಯಾಗುತ್ತದೆ. ಮನೆಯಲ್ಲಿ ರಿಟರ್ನ್ಸ್ ಸಲ್ಲಿಸುವವರ ಪ್ಯಾನ್ ಸಂಖ್ಯೆಯನ್ನೇ ಬಿಲ್ಲಿಗೆ ಕೊಡಿ.

ನಮ್ಮದೇ ಬಸ್ಸು ಮಾಡಿಕೊಳ್ಳುವುದಾದರೆ

ಕುಟುಂಬದಲ್ಲಿ 12ರಿಂದ 18 ಜನ ಇದ್ದರೆ ಚಾಲಕನ ಸಮೇತ ಮಿನಿ ಬಸ್ ಬಾಡಿಗೆಗೆ ಪಡೆಯಬಹುದು. ಸೀಟಿಗಿಂತ ಮೊದಲು ಡಿಕ್ಕಿಯ ಅಳತೆ ಕೇಳಿ: 16 ಸೀಟಿನ ವಾಹನದಲ್ಲಿ 16 ದೊಡ್ಡ ಸೂಟ್‌ಕೇಸ್ ಹಿಡಿಯುವುದು ಅಪರೂಪ, 11–12 ಜನರಿಗೆ ಅದು ಸರಿಹೋಗುತ್ತದೆ. ದರಪಟ್ಟಿಯಲ್ಲಿ ಟೋಲ್, ಪಾರ್ಕಿಂಗ್, ಚಾಲಕನಿಗೆ ಪ್ರತ್ಯೇಕ ಕೋಣೆ ಮತ್ತು ಊಟ, ಊರೊಳಗೆ ಬರುವ ಪರವಾನಗಿ ಸೇರಿವೆಯೇ ಎಂದು ಬರವಣಿಗೆಯಲ್ಲಿ ಪಡೆಯಿರಿ. ರೋಮ್, ಫ್ಲಾರೆನ್ಸ್, ವೆನಿಸ್‌ಗಳಲ್ಲಿ ಬಸ್ ಪ್ರವೇಶಕ್ಕೆ ಪ್ರತ್ಯೇಕ ಶುಲ್ಕವಿದೆ. ಕಡಿಮೆ ದರ ಹೇಳುವವರು ಬಿಟ್ಟಿರುವುದು ಇದನ್ನೇ. ಪ್ರವಾಸ 12 ದಿನ ಮೀರಿದರೆ ಚಾಲಕನ ವಾರದ ರಜೆ ಎಲ್ಲಿ ಬರುತ್ತದೆ, ಬದಲಿ ಚಾಲಕ ಬರುತ್ತಾರೆಯೇ ಎಂದೂ ಕೇಳಿ. ಕಾರಿನ ಲೈಸೆನ್ಸಿನಲ್ಲಿ ನಾವೇ ಓಡಿಸಬಹುದಾದದ್ದು ಚಾಲಕ ಸೇರಿ 9 ಸೀಟಿನ ವ್ಯಾನ್ ಮಾತ್ರ.

ಕೋಣೆ, ಲಗೇಜು

ಯುರೋಪಿನ ಹೋಟೆಲುಗಳಲ್ಲಿ ನಾಲ್ವರಿಗೆ ಒಂದೇ ಕೋಣೆ ಸಿಗುವುದು ಕಷ್ಟ. ಬೆಂಕಿ ಸುರಕ್ಷತೆಯ ನಿಯಮದಿಂದಾಗಿ ಹೆಚ್ಚುವರಿ ಹಾಸಿಗೆ ಹಾಕಲು ಒಪ್ಪುವುದಿಲ್ಲ. ಮೂರನೆಯವರಿಗೆ ಸಿಗುವುದು ಮಡಚುವ ಹಾಸಿಗೆ ಅಥವಾ ಸೋಫಾ, ಮಗುವಿಗಾದರೆ ಪರವಾಗಿಲ್ಲ, ಅಜ್ಜಿಗಲ್ಲ. ಸ್ವಿಟ್ಜರ್ಲೆಂಡಿನ ಹಲವು ಹೋಟೆಲುಗಳಲ್ಲಿ ಎ.ಸಿ. ಇರುವುದಿಲ್ಲ.

ತಲೆಗೊಂದು ದೊಡ್ಡ ಸೂಟ್‌ಕೇಸ್, ಒಂದು ಕೈಚೀಲ. ಇದಕ್ಕಿಂತ ಹೆಚ್ಚಾದರೆ ಬಸ್ಸಿನ ಹೊಟ್ಟೆಯಲ್ಲಿ ಜಾಗವಿಲ್ಲ. ಒಂದೇ ರಾತ್ರಿ ತಂಗುವ ಊರುಗಳಿಗೆ ಇಡೀ ಕುಟುಂಬಕ್ಕೆ ಒಂದು ಸಣ್ಣ ಚೀಲ ಬೇರೆ ಕಟ್ಟಿ, ಸೂಟ್‌ಕೇಸ್ ಬಿಚ್ಚುವುದೇ ಬೇಡ. ಪಾಸ್‌ಪೋರ್ಟ್ ಯಾವತ್ತೂ ಕೆಳಗಿನ ಲಗೇಜಿನಲ್ಲಿ ಹೋಗಬಾರದು. ಷೆಂಗೆನ್ ಒಳಗೆ ಗಡಿ ತಪಾಸಣೆ ಸಾಮಾನ್ಯವಾಗಿ ಇಲ್ಲದಿದ್ದರೂ 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ಆರಂಭಿಸಿತು. ಮಾತ್ರೆಗಳೂ ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇರಲಿ.

ವಿದ್ಯುತ್ ನಮ್ಮಂತೆಯೇ 230 ವೋಲ್ಟ್. ತೆಳುವಾದ ಎರಡು ಪಿನ್ನಿನ ಪ್ಲಗ್ ಈ ಎಲ್ಲ ದೇಶಗಳಲ್ಲಿ ಹಿಡಿಯುತ್ತದೆ. ಜರ್ಮನಿಯ ದಪ್ಪ ದುಂಡು ಪ್ಲಗ್ ಸ್ವಿಟ್ಜರ್ಲೆಂಡಿನಲ್ಲಿ ಕೂರುವುದಿಲ್ಲ. ಸಿಮ್ ಕೊಳ್ಳುವಾಗ ಸ್ವಿಟ್ಜರ್ಲೆಂಡ್ ಸೇರಿದೆಯೇ ಎಂದು ಹೆಸರು ಹಿಡಿದು ಕೇಳಿ. ಐರೋಪ್ಯ ಒಕ್ಕೂಟದ ಉಚಿತ ರೋಮಿಂಗ್ ಅಲ್ಲಿಗೆ ಅನ್ವಯಿಸುವುದಿಲ್ಲ.

ಊಟ

ಹಾಲು, ಮಾಂಸದ ಪದಾರ್ಥಗಳನ್ನು ಭಾರತದಿಂದ ಒಯ್ಯುವಂತಿಲ್ಲ. ತುಪ್ಪ, ಪನೀರ್, ಧಾರವಾಡ ಪೇಡ ಎಲ್ಲವೂ ಇದರಲ್ಲಿ ಸೇರುತ್ತವೆ. ಹಸಿ ಕರಿಬೇವು, ಮಾವಿನಹಣ್ಣೂ ಬೇಡ. ಚಟ್ನಿಪುಡಿ, ಎಣ್ಣೆಯಲ್ಲಿ ಒಗ್ಗರಿಸಿದ ಅವಲಕ್ಕಿ, ಕೋಡುಬಳೆ, ನಿಪ್ಪಟ್ಟು, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ ಒಯ್ಯಬಹುದು. ಬಿಸಿನೀರಿನ ಕೆಟಲ್ ಎಲ್ಲ ಕೋಣೆಗಳಲ್ಲಿ ಇರುವುದಿಲ್ಲ, ಸಣ್ಣದೊಂದು ಒಯ್ಯಿರಿ. ರೈಸ್ ಕುಕ್ಕರ್ ಬೇಡ. ಒಗ್ಗರಣೆಯ ಹೊಗೆಗೂ ಅಲಾರಂ ಕೂಗುತ್ತದೆ, ದಂಡ ಕಟ್ಟಬೇಕಾಗುತ್ತದೆ.

ಸಸ್ಯಾಹಾರಿಗಳು ಎರಡು ಕಡೆ ಎಚ್ಚರದಿಂದಿರಬೇಕು. ಬೆಲ್ಜಿಯಂನಲ್ಲಿ ಆಲೂ ಫ್ರೈಸನ್ನು ಸಾಂಪ್ರದಾಯಿಕವಾಗಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಇಟಲಿಯ ಪಾರ್ಮೆಸಾನ್ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಹೆಪ್ಪು ಬಳಸುತ್ತಾರೆ. ಪಾಸ್ತಾದ ಮೇಲೆ ಉದುರಿಸುವ ಮುನ್ನ ಬೇಡ ಎಂದು ಹೇಳಿ. ನಲ್ಲಿ ನೀರು ಎಲ್ಲೆಡೆ ಕುಡಿಯಲು ಯೋಗ್ಯ, ಬಾಟಲಿ ತುಂಬಿಸಿಕೊಂಡರೆ ಸಾಕು.

ದಾರಿಯಲ್ಲಿ

ಸೀಟ್ ಬೆಲ್ಟ್ ಎಲ್ಲರಿಗೂ ಕಡ್ಡಾಯ, ಮಕ್ಕಳಿಗೂ. ಬಸ್ಸಿನಲ್ಲಿ ಶೌಚಾಲಯ ಇದ್ದರೂ ಬಹಳ ಕಡೆ ಬೀಗ ಹಾಕಿರುತ್ತಾರೆ. ಎರಡು ಗಂಟೆಗೊಮ್ಮೆ ಹೆದ್ದಾರಿಯ ವಿಶ್ರಾಂತಿ ತಾಣದಲ್ಲಿ ನಿಲ್ಲಿಸುತ್ತಾರೆ. ಜರ್ಮನಿಯಲ್ಲಿ ಶೌಚಕ್ಕೆ 1 ಯೂರೊ, ಬದಲಿಗೆ ಸಿಗುವ ಚೀಟಿಯನ್ನು ಅಲ್ಲಿನ ಅಂಗಡಿಯಲ್ಲಿ ಬಳಸಬಹುದು. ಒಂದು ಯೂರೊ ಮತ್ತು ಅರ್ಧ ಯೂರೊ ನಾಣ್ಯಗಳನ್ನು ದಿನಾ ಕೂಡಿಟ್ಟುಕೊಳ್ಳಿ. ಕಾರ್ಡ್ ಯಂತ್ರ ‘ರೂಪಾಯಿಯಲ್ಲಿ ಪಾವತಿಸುವಿರಾ’ ಎಂದು ಕೇಳಿದರೆ ಬೇಡ ಎನ್ನಿ, ಆ ದರ ದುಬಾರಿ.

ಆಲ್ಪ್ಸ್‌ನಲ್ಲಿ ಯುಂಗ್‌ಫ್ರಾಯೋಕ್ 3,454 ಮೀಟರ್ ಎತ್ತರದಲ್ಲಿದೆ. ಟಿಟ್ಲಿಸ್ ಕೂಡ 3,000 ದಾಟುತ್ತದೆ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು. ಮೇಲೆ ತಲುಪಿದ ಮೇಲೆ ಓಡಾಟ ನಿಧಾನವಾಗಿರಲಿ.

ವೆನಿಸ್‌ನಲ್ಲಿ ಬಸ್ಸು ತ್ರೊಂಕೆತ್ತೊ ಎಂಬ ವಾಹನ ತಂಗುದಾಣದಲ್ಲಿ ನಿಲ್ಲುತ್ತದೆ, ಮುಂದಕ್ಕೆ ದೋಣಿ. ವಸಂತ ಮತ್ತು ಬೇಸಿಗೆಯ ನಿಗದಿತ ದಿನಗಳಲ್ಲಿ ಹಗಲಿಗೆ ಮಾತ್ರ ಬಂದುಹೋಗುವವರು ಪ್ರವೇಶ ಶುಲ್ಕ ಕಟ್ಟಬೇಕು: ಮುಂಗಡವಾದರೆ 5 ಯೂರೊ, ಕೊನೆ ಗಳಿಗೆಯಲ್ಲಿ 10. ಮೆಸ್ತ್ರೆಯಲ್ಲಿ ತಂಗುವವರಿಗೆ ವಿನಾಯಿತಿ ಇದೆ, ಆದರೂ ಆನ್‌ಲೈನಿನಲ್ಲಿ ನೋಂದಾಯಿಸಿ ಕ್ಯೂಆರ್ ಕೋಡ್ ಪಡೆಯಬೇಕು. ಹೋಟೆಲ್ ಹತ್ತಿರದ ಪಾದುವಾ ನಗರದಲ್ಲಿದ್ದರೆ ಆ ವಿನಾಯಿತಿ ಇಲ್ಲ.

ಜೇಬುಗಳ್ಳರು ಹೆಚ್ಚು ಇರುವುದು ಪ್ಯಾರಿಸ್ ಮೆಟ್ರೊ, ಐಫೆಲ್ ಸುತ್ತಮುತ್ತ ಮತ್ತು ರೋಮ್‌ನ 64ನೇ ಸಂಖ್ಯೆಯ ಬಸ್ಸಿನಲ್ಲಿ. ಸಹಿ ಹಾಕಿ ಎಂದು ಕಾಗದ ಹಿಡಿದು ಬರುವವರ ಬಳಿ ನಿಲ್ಲಬೇಡಿ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ನಂತರ ಆಯಾ ದೇಶಕ್ಕಿರುವ ಭಾರತೀಯ ರಾಯಭಾರ ಕಚೇರಿಯಿಂದ ತುರ್ತು ಪ್ರಯಾಣ ಪತ್ರ. ಎಲ್ಲೆಡೆ ತುರ್ತು ಕರೆ 112.

ವಾಪಸಾಗುವಾಗ

ಕೊಂಡ ವಸ್ತುಗಳ ತೆರಿಗೆ ಮರುಪಾವತಿಗೆ ಐರೋಪ್ಯ ಒಕ್ಕೂಟದ ದೇಶಗಳ ಅರ್ಜಿಗಳೆಲ್ಲ ರೋಮ್ ವಿಮಾನ ನಿಲ್ದಾಣದಲ್ಲಿ ದೃಢೀಕರಣವಾಗುತ್ತವೆ. ಸ್ವಿಟ್ಜರ್ಲೆಂಡಿನಲ್ಲಿ ಗಡಿಯಾರ ಕೊಂಡಿದ್ದರೆ ಮಾತ್ರ ಅದರ ಅರ್ಜಿಗೆ ಸ್ವಿಸ್ ಗಡಿ ದಾಟುವಾಗಲೇ ಮುದ್ರೆ ಬೀಳಬೇಕು. ಹಿಂದಿನ ದಿನವೇ ಟೂರ್ ಮ್ಯಾನೇಜರಿಗೆ ಹೇಳಿ ಕಸ್ಟಮ್ಸ್ ಬಳಿ ಬಸ್ ನಿಲ್ಲಿಸಿಕೊಳ್ಳಿ. ಮಿಕ್ಕ ಸ್ವಿಸ್ ನಾಣ್ಯಗಳನ್ನೂ ಅಲ್ಲೇ ಖರ್ಚು ಮಾಡಿ, ಊರಿಗೆ ತಂದರೆ ಯಾರೂ ಬದಲಿಸಿಕೊಡುವುದಿಲ್ಲ.

2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಹೊಸ ಗಡಿ ವ್ಯವಸ್ಥೆಯಲ್ಲಿ ಮುದ್ರೆಯ ಬದಲು ಮುಖದ ಚಿತ್ರ, ಬೆರಳಚ್ಚುಗಳಿಂದ ಹೋಗಿಬರುವುದನ್ನು ದಾಖಲಿಸುತ್ತಾರೆ. ಸಾಲು ಉದ್ದವಾಗುತ್ತದೆ. ಇಳಿಯುವ ದಿನ ಯಾವ ಟಿಕೆಟನ್ನೂ ಕಾಯ್ದಿರಿಸಬೇಡಿ, ಹೊರಡುವ ದಿನ ವಿಮಾನಕ್ಕೆ ನಾಲ್ಕು ಗಂಟೆ ಮೊದಲೇ ರೋಮ್ ನಿಲ್ದಾಣದಲ್ಲಿರಿ. ಬಸ್ಸನ್ನು ಎಷ್ಟು ಗಂಟೆಗೆ ಕರೆಯಬೇಕೆಂದು ಹಿಂದಿನ ಸಂಜೆಯೇ ಚಾಲಕನ ಜೊತೆ ಮಾತಾಡಿ ಖಚಿತಪಡಿಸಿಕೊಳ್ಳಿ.