ಸಭೆಗೆ ಮೊದಲೇ ಆಗಿಹೋಗುವ ತೀರ್ಮಾನಗಳು

ಹವಾಮಾನ ಬದಲಾವಣೆಯ ಪೆಟ್ಟು ತಡೆಯಲು ಒಡ್ಡು ಕಟ್ಟುವುದು, ಗಿಡ ನೆಡುವುದು, ನೀರು ಇಂಗಿಸುವುದು. ಇಂಥ ಯೋಜನೆಗಳನ್ನು ಜನರ ಜೊತೆ ಕೂತು ರೂಪಿಸುವುದು ನನ್ನ ಕೆಲಸ. ಹೊಸ ಜಾಗಕ್ಕೆ ಹೋಗುವ ಮೊದಲು ನಾನು ಯೋಜನೆಯ ಕಾಗದ ಓದುತ್ತೇನೆ. ಯಾವ ಕೆಲಸ, ಎಲ್ಲಿ, ಎಷ್ಟು ದುಡ್ಡು ಅಂತ ಅದರಲ್ಲಿ ಆಗಲೇ ಬರೆದಿದ್ದರೆ, ಜನ ಬಂದು ಹೇಳುವುದೇನು ಉಳಿಯಿತು? ಅಮೆರಿಕದ ನೀತಿ ವಿಶ್ಲೇಷಕಿ ಷೆರಿ ಅರ್ನ್‌ಸ್ಟೀನ್ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು 8 ಮೆಟ್ಟಿಲ ಏಣಿಯಾಗಿ ವಿವರಿಸಿದರು. ಸುಮ್ನೆ ಅಭಿಪ್ರಾಯ ಕೇಳುವುದು ಅದರಲ್ಲಿ 4ನೇ ಮೆಟ್ಟಿಲು. ಅಧಿಕಾರ ಹಂಚಿಕೊಳ್ಳುವುದು 6ರಿಂದ ಶುರು. ಅದಕ್ಕೇ ಹಣದ ಒಂದು ಪಾಲನ್ನು ಯಾವ ಕೆಲಸಕ್ಕೂ ಕಟ್ಟಿಹಾಕದೆ ಬಿಡಿ ಅಂತ ದುಡ್ಡು ಕೊಡುವವರ ಹತ್ತಿರ ಮೊದಲೇ ಹಟ ಹಿಡಿಯುತ್ತೇನೆ.

ಆಮೇಲೆ ನಕ್ಷೆ. ಕಚೇರಿಯ ನಕ್ಷೆಯಲ್ಲಿ 'ಖಾಲಿ ಜಾಗ' ಎಂದಿರುವಲ್ಲಿ ಯಾರೋ ದನ ಮೇಯಿಸುತ್ತಾರೆ, ಯಾರೋ ಸೌದೆ ಆರಿಸುತ್ತಾರೆ. ಅಲ್ಲಿ ಗಿಡ ನೆಟ್ಟು ಬೇಲಿ ಹಾಕಿದರೆ ಅವರಿಗೆ ಪರಿಹಾರವೂ ಸಿಗುವುದಿಲ್ಲ, ಕೈಯಲ್ಲಿ ಪತ್ರ ಇಲ್ಲವಲ್ಲ. ಹಾಗಾಗಿ ಮಾಲೀಕರ ಪಟ್ಟಿಗಿಂತ ಮೊದಲು ಆ ಜಾಗ ಬಳಸುವವರ ಪಟ್ಟಿ ಮಾಡುತ್ತೇನೆ. ಕೂಲಿಗೆ ಹೋಗುವವರು, ಹೆಂಗಸರು, ಗೇಣಿದಾರರು ಇವರನ್ನೆಲ್ಲ ಬೇರೆ ಬೇರೆಯಾಗಿ, ಅವರ ಕೆಲಸ ಮುಗಿದ ಹೊತ್ತಿಗೆ ಕಾಣುತ್ತೇನೆ. ಜಮೀನಿನ ಯಜಮಾನರ ಎದುರು ಅವರು ಬಾಯಿ ಬಿಡುವುದು ಕಷ್ಟ.

ಒಂದು ನದಿಯ ಒಡ್ಡಿನ ಯೋಜನೆಗೆ ಆಚೆ ದಡದವರನ್ನೂ ಕರೆಸಿದೆ. "ನೀರು ನಮ್ಮ ಕಡೆ ನುಗ್ಗಿದರೆ ಯಾರು ಕೇಳ್ತಾರೆ?" ಅಂದರು ಒಬ್ಬ ಹೆಂಗಸು. ಎಂಜಿನಿಯರ್ ಹತ್ತಿರ ಉತ್ತರ ಇರಲಿಲ್ಲ. ಒಬ್ಬರನ್ನು ಕಾಪಾಡಲು ಹೋಗಿ ಇನ್ನೊಬ್ಬರ ಅಪಾಯ ಹೆಚ್ಚಿಸುವ ಇಂಥ ಕೆಲಸಗಳ ಬಗ್ಗೆ ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ ಐಪಿಸಿಸಿಯ 2022ರ ವರದಿಯೂ ಎಚ್ಚರಿಸಿದೆ. ಕೊನೆಗೆ ಒಡ್ಡನ್ನು ನದಿಯಿಂದ ಹಿಂದಕ್ಕೆ ಸರಿಸಿ, ನೀರು ಹರಡಲು ಜಾಗ ಬಿಟ್ಟರು. ಈಚೆ ದಡದ ದೊಡ್ಡ ಜಮೀನುದಾರರೊಬ್ಬರ ಹೊಲದ ಒಂದಿಷ್ಟು ಭಾಗ ಒಡ್ಡಿನ ಹೊರಗೆ ಉಳಿಯಿತು. ಅವರಿಗೆ ಸಿಟ್ಟು ಬಂತು. ಅವರಿಗೆ ಪರಿಹಾರ ಸಿಕ್ಕಿತು, ನೀರು ನುಗ್ಗಿದ್ದರೆ ಆಚೆ ದಡದವರಿಗೆ ಅದೂ ಸಿಗುತ್ತಿರಲಿಲ್ಲ. ಇದೇ ಸರಿ ಅಂತ ನಾನು ಈಗಲೂ ನಂಬುತ್ತೇನೆ.

ಸಭೆಯ ನಡಾವಳಿಯನ್ನು ಅಲ್ಲೇ ಗಟ್ಟಿಯಾಗಿ ಓದಿಸುತ್ತೇನೆ. ಯಾರಾದರೂ 'ಬೇಡ' ಅಂದಿದ್ದರೆ ಆ ಮಾತು ಅವರು ಹೇಳಿದ ಹಾಗೇ ಅದರಲ್ಲಿರಬೇಕು. ಅದನ್ನು ತೆಗೆದು ಕಳಿಸಿ ಅಂತ ಮೇಲಿನಿಂದ ಫೋನ್ ಬಂದರೆ ನಾನು ಸಹಿ ಹಾಕುವುದಿಲ್ಲ.