ಗೌರವ ಪ್ರತಿ ಯಾರಿಗೆ ಕೊಟ್ಟೆ?

ನನ್ನ ಮೊದಲ ಕಥಾಸಂಕಲನ ಅಚ್ಚಾದಾಗ ಎಲ್ಲರೂ ಕೇಳಿದ್ದು ಒಂದೇ: ಬಿಡುಗಡೆ ಎಲ್ಲಿ? ಬೆಂಗಳೂರಿನ ಜೆ.ಸಿ. ರಸ್ತೆಯ ನಯನ ಸಭಾಂಗಣವೋ, ಬಸವನಗುಡಿಯ ವಾಡಿಯಾ ಸಭಾಂಗಣವೋ? ನಾನು ಸಮಾರಂಭವನ್ನೇ ಮಾಡಲಿಲ್ಲ. ಬಾಡಿಗೆ, ಶಾಲು, ಹಾರ, ಕಾಫಿ–ತಿಂಡಿಯ ಖರ್ಚಿನಲ್ಲಿ ಎಷ್ಟೋ ಪ್ರತಿಗಳನ್ನು ಅಂಚೆಗೆ ಹಾಕಬಹುದು. ಸಮಾರಂಭಕ್ಕೆ ಬರುವವರು ಹೇಗೂ ನೆಂಟರು, ಗೆಳೆಯರು. ಪುಸ್ತಕ ಕೊಳ್ತಾರೆ, ಫೋಟೊ ತೆಗೆಸಿಕೊಳ್ತಾರೆ. ಓದೋದು ಅವರವರ ಪುಣ್ಯ.

ಪತ್ರಿಕೆಗಳಿಗೆ ವಾಡಿಕೆಯಂತೆ ಎರಡೆರಡು ಪ್ರತಿ ಕಳಿಸಿದೆ. ಒಂದೆರಡು ಕಡೆ, ಬಂದ ಪುಸ್ತಕಗಳ ಪಟ್ಟಿ ಕೊಡುವ ‘ಸಾದರ ಸ್ವೀಕಾರ’ದಲ್ಲಿ ಹೆಸರು, ಪುಟ, ಬೆಲೆ ಬಂತು. ಅಷ್ಟೇ. ಅವರ ಮೇಜಿಗೆ ಬಂದು ಬೀಳುವ ರಾಶಿ ನೆನೆದರೆ ದೂರುವಂಥದ್ದೇನೂ ಇಲ್ಲ.

ನನ್ನ ಕಥೆಗಳು ಪೀಣ್ಯದ ಗಾರ್ಮೆಂಟ್ಸ್ ಸುತ್ತ ನಡೆಯುವಂಥವು. ಹಾಗಾಗಿ ಗೌರವ ಪ್ರತಿಗಳನ್ನು, ಅಂದರೆ ಪುಕ್ಕಟೆ ಕೊಡುವ ಪ್ರತಿಗಳನ್ನು, ಸಾಹಿತಿಗಳಿಗಿಂತ ಜಾಸ್ತಿ ಆ ಬದುಕು ಗೊತ್ತಿದ್ದವರಿಗೆ ಕೊಟ್ಟೆ. ಹೊಲಿಗೆ ಲೈನಿನಲ್ಲಿ ಕೂತವರು, ಯೂನಿಯನ್‌ನವರು, ದಾಸರಹಳ್ಳಿಯಲ್ಲಿ ಪಾಠ ಹೇಳುವ ಮೇಷ್ಟ್ರು. ‘ಓದಿ ಅಭಿಪ್ರಾಯ ತಿಳಿಸಿ’ ಅಂದರೆ ‘ನೋಡೋಣ ಸಾರ್’ ಅಂತಾರೆ, ಮುಗೀತು. ಅದಕ್ಕೆ ನಾನು ವಾಟ್ಸಾಪಿನಲ್ಲಿ ಹೀಗೆ ಬರೆದೆ: “ಅಕ್ಕ, 47ನೇ ಪುಟದ ಕಥೆ ಒಂದೇ ಓದಿ ಸಾಕು. ಟಾರ್ಗೆಟ್ ಮುಗಿಯದ ದಿನ ಹಾಗೇ ಇರುತ್ತಾ? ನಾಲ್ಕು ಮಾತು ಹೇಳಿ. ಬೈದರೂ ಸರಿ.”

ಒಬ್ಬಾಕೆ ವಾಯ್ಸ್ ಮೆಸೇಜ್ ಕಳಿಸಿದರು. “ನಿಮ್ ಕಥೇಲಿ ಹೆಂಗಸರು ಯಾಕೆ ಸಾರ್ ಇಷ್ಟು ಅಳ್ತಾರೆ? ನಮ್ ಲೈನಲ್ಲಿ ಅಳೋಕೆ ಪುರುಸೊತ್ತು ಎಲ್ಲಿದೆ? ಆದ್ರೆ ಆ ಸೂಪರ್‌ವೈಸರ್ ಮಾತ್ರ ಪಕ್ಕಾ.” ಅವರನ್ನು ಕೇಳಿಕೊಂಡೇ, ಹೆಸರು ಬಿಟ್ಟು, ಇದ್ದದ್ದು ಇದ್ದ ಹಾಗೆ ಫೇಸ್‌ಬುಕ್‌ಗೆ ಹಾಕಿದೆ. ಹೊಗಳಿಕೆಯ ಪೋಸ್ಟುಗಳಿಗೆ ಬರೀ ಅಭಿನಂದನೆ ಬಂದಿತ್ತು. ಇದಕ್ಕೆ ಮಾತ್ರ ‘ಪುಸ್ತಕ ಎಲ್ಲಿ ಸಿಗುತ್ತೆ?’ ಅಂತ ಜನ ಕೇಳಿದರು.

ಅದಕ್ಕೇ ಗಾಂಧಿ ಬಜಾರಿನ ಅಂಗಡಿಯೊಂದರಲ್ಲಿ ಕೆಲವು ಪ್ರತಿ ಇಟ್ಟಿದ್ದೆ. ಮಾರಾಟವಾದ ಮೇಲೆ ದುಡ್ಡು, ನೂರಕ್ಕೆ 40 ಅವರಿಗೆ. ಕೈ ಕಚ್ಚುತ್ತೆ ನಿಜ. ಆದರೆ ‘ಅಲ್ಲಿ ಹೋಗಿ ತಗೊಳ್ಳಿ’ ಅನ್ನೋಕೆ ಒಂದು ಜಾಗ ಬೇಕಲ್ವಾ?

ಇನ್ನು ಆನ್‌ಲೈನ್ ರಿವ್ಯೂ ವಿಷಯ. ಅಮೆಜಾನ್‌ನಲ್ಲಿ ಮನೆಯವರು, ಆಪ್ತ ಗೆಳೆಯರು ರಿವ್ಯೂ ಬರೆಯುವಂತಿಲ್ಲ. ಪುಸ್ತಕ ಪುಕ್ಕಟೆ ಕೊಡಬಹುದು, ಆದರೆ ಬರೆಯಲೇಬೇಕು ಅಂತ ಷರತ್ತು ಹಾಕುವಂತಿಲ್ಲ. ತಮ್ಮನಿಗೆ ಮೊದಲೇ ಹೇಳಿದ್ದೆ: “ಐದು ಸ್ಟಾರ್ ಒತ್ತಬೇಡ ಮಾರಾಯ, ಒಂದು ಪ್ರತಿ ಕೊಂಡು ಆಫೀಸಲ್ಲಿ ಓದೋರಿಗೆ ಕೊಡು.” ಕೊಂಡಿದ್ದಾನೆ. ಓದೋರನ್ನ ಇನ್ನೂ ಹುಡುಕ್ತಾ ಇದ್ದಾನಂತೆ.