ಈ ಫೋನ್ ಯಾರ ಹತ್ರ ಇರುತ್ತೆ?

ನಾನು ನರ್ಸ್. ತವರು ವಿಜಯಪುರ ಜಿಲ್ಲೆ, ಕೆಲಸ ಪುಣೆಯಲ್ಲಿ. ಹಿಂಜವಡಿ, ವಾಕಡ್ ಕಡೆ ದೊಡ್ಡ ಕಟ್ಟಡಗಳು ಏಳುವ ಜಾಗಗಳ ಪಕ್ಕದಲ್ಲೇ ಕೆಲಸಗಾರರ ತಗಡಿನ ಶೆಡ್‌ಗಳಿವೆ. ನಾನು ಹೋಗುವ 3 ಕ್ಯಾಂಪ್‌ಗಳಲ್ಲಿ ನಮ್ಮವರೇ ಜಾಸ್ತಿ. ಯಾದಗಿರಿ, ಕಲಬುರಗಿ, ವಿಜಯಪುರದವರು. ಗಂಡ ಸೆಂಟ್ರಿಂಗ್ ಕೆಲಸಕ್ಕೆ, ಹೆಂಡತಿ ಬಿಗಾರಿ ಕೆಲಸಕ್ಕೆ. ಒಂದು ಸಣ್ಣ ಸಂಸ್ಥೆಯ ಪರವಾಗಿ ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತೇನೆ. ಚೀಲದಲ್ಲಿ ಬಿಪಿ ಮಷೀನು, ಶುಗರ್ ಮಷೀನು, ಒಂದು ಟ್ಯಾಬ್ ಇರುತ್ತವೆ.

ಟ್ಯಾಬ್ ಬಂದ ಹೊಸತರಲ್ಲಿ ನನಗೆ ತುಂಬಾ ಖುಷಿಯಾಗಿತ್ತು. ರಿಜಿಸ್ಟರ್‌ಗಳನ್ನು ಹೊತ್ತು ತಿರುಗುವುದು ತಪ್ಪಿತು. ಹೆಸರು, ವಯಸ್ಸು, ಫೋನ್ ನಂಬರ್ ಹಾಕಿದರೆ ಸಾಕು, ಯಾರಿಗೆ ಯಾವತ್ತು ತಪಾಸಣೆ ಅಂತ ಅದೇ ಮೆಸೇಜ್ ಕಳಿಸುತ್ತಿತ್ತು. ಆಗ ಒಬ್ಬ ಹೆಣ್ಣುಮಗಳಿಗೆ ಟಿಬಿ ಇತ್ತು. ಎರಡು ತಿಂಗಳ ಗುಳಿಗೆ ಮುಗಿದಿತ್ತು, ಇನ್ನೂ ನಾಲ್ಕು ತಿಂಗಳು ಬಾಕಿ. ಅವಳು ಕೊಟ್ಟ ನಂಬರ್ ಹಾಕಿದೆ. ಅದು ಮೈದುನನ ಫೋನ್. ಮೆಸೇಜ್ ಹೋಯಿತು, ಅದರಲ್ಲಿ ರೋಗದ ಹೆಸರಿತ್ತು. ಅವನು ಓದಿದ. ಪಕ್ಕದ ಶೆಡ್‌ನವರಿಗೂ ಕೇಳಿಸಿತು. ನಲ್ಲಿಯ ಹತ್ತಿರ ಅವಳ ಕೊಡ ಇಡಲು ಬಿಡಲಿಲ್ಲವಂತೆ. ಮುಂದಿನ ಮಂಗಳವಾರ ಹೋದಾಗ ಬಾಗಿಲಿಗೆ ಬೀಗ. "ಊರಿಗಿ ಹೋದ್ರು ಅಕ್ಕಾರ, ಯಾರಿಗೂ ಹೇಳ್ಲಿಲ್ಲ" ಅಂದಳು ಪಕ್ಕದ ಶೆಡ್‌ನ ಅಜ್ಜಿ.

ಅವಳನ್ನು ಕೇಳದೆ ಆ ನಂಬರಿಗೆ ರೋಗದ ಸುದ್ದಿ ಹೋಗಲು ಬಿಟ್ಟವಳು ನಾನು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಟಿಬಿ ಗುಳಿಗೆ ನಡುವೆ ನಿಂತರೆ ರೋಗ ಮತ್ತೆ ತಲೆ ಎತ್ತುತ್ತದೆ. ಅದೇ ಔಷಧಿಗೆ ಬಗ್ಗದ ಟಿಬಿಯಾಗಿಯೂ ಬರಬಹುದು.

ಅವಳು ಸಿಕ್ಕಿದ್ದು ನಿಕ್ಷಯ್‌ನಿಂದ. ಇದು ಟಿಬಿ ರೋಗಿಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಪೋರ್ಟಲ್. ಪ್ರತಿ ರೋಗಿಗೂ ಒಂದು ಐಡಿ ನಂಬರ್ ಇರುತ್ತದೆ. ಚಿಕಿತ್ಸೆಯ ಕಾರ್ಡನ್ನು ಅವಳು ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡೇ ಹೋಗಿದ್ದಳು. ತವರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದನ್ನು ತೋರಿಸಿದಳು. ಅಲ್ಲಿಯವರು ನಂಬರ್ ಹಾಕಿ ನೋಡಿದರೆ ಯಾವ ಔಷಧಿ, ಯಾವತ್ತು ಶುರು ಆಗಿದ್ದು, ಎಲ್ಲಾ ಬಂತು. ಪುಣೆಯಿಂದ ಅವಳ ಹೆಸರನ್ನು ಅಲ್ಲಿಗೆ ವರ್ಗ ಮಾಡಿಸಿದೆವು. ಗುಳಿಗೆ ಮತ್ತೆ ಶುರುವಾಯಿತು.

ಆಮೇಲೆ ನಾನು ಮಾಡಿದ ಮೊದಲ ಕೆಲಸ, ರೋಗದ ಹೆಸರಿರುವ ಎಲ್ಲಾ ಮೆಸೇಜ್‌ಗಳನ್ನು ನಿಲ್ಲಿಸಿದ್ದು. ಎರಡನೆಯದು, ಫೋನ್ ನಂಬರ್ ಪಕ್ಕದಲ್ಲಿ ಮೂರು ಹೊಸ ಕಾಲಂ ಹಾಕಿಸಿದ್ದು. ಈ ಫೋನ್ ಯಾರ ಹತ್ರ ಇರುತ್ತೆ? ನಿಮ್ಮ ಕೈಗೆ ಎಷ್ಟು ಹೊತ್ತಿಗೆ ಸಿಗುತ್ತೆ? ಮೆಸೇಜ್ ಬಂದರೆ ಓದಿ ಹೇಳೋರು ಯಾರು?

ಇದನ್ನು ಗಂಡಸರ ಮುಂದೆ ಕೇಳಿದರೆ ಉಪಯೋಗವಿಲ್ಲ. "ನಮ್ದ ಫೋನ್ ಐತ್ರಿ, ಅದಕ್ಕ ಮಾಡ್ರಿ" ಅನ್ನುತ್ತಾರೆ, ಅವಳು ಸುಮ್ನೆ ನಿಂತಿರುತ್ತಾಳೆ. ಅದಕ್ಕೇ ನೀರಿನ ಟ್ಯಾಂಕರ್ ಬರುವ ಹೊತ್ತಿಗೆ ಹೋಗುತ್ತೇನೆ. ಆಗ ಹೆಂಗಸರಷ್ಟೇ ಇರುತ್ತಾರೆ. ನನ್ನ ಕ್ಯಾಂಪ್‌ಗಳಲ್ಲಿ ಬಹಳಷ್ಟು ಹೆಂಗಸರಿಗೆ ಸ್ವಂತ ಫೋನ್ ಇಲ್ಲ. ಕೆಲವರಿಗೆ ರಾತ್ರಿ ಊಟ ಆದಮೇಲೆ ಅರ್ಧ ಗಂಟೆ ಸಿಗುತ್ತದೆ, ಅದೂ ತವರಿಗೆ ಮಾತಾಡಲು. ಒಬ್ಬಳ ನಂಬರ್ ಅಂತ ಬರೆದದ್ದು ಮುಕಾದಮನ, ಅಂದರೆ ಕೆಲಸಗಾರರ ಮೇಸ್ತ್ರಿಯ ನಂಬರ್ ಆಗಿತ್ತು! ಇದು ಗೊತ್ತಿಲ್ಲದೆ ಎಷ್ಟು ಒಳ್ಳೆ ಆ್ಯಪ್ ತಂದರೂ ಅದು ಗಂಡಸರನ್ನೇ ಮುಟ್ಟುತ್ತದೆ, ಅಲ್ವಾ?

ಈಗ ನಾನು ಕಳಿಸುವುದು ವಾಯ್ಸ್ ಮೆಸೇಜ್. ನನ್ನದೇ ದನಿ, ನಮ್ಮ ಕಡೆಯ ಕನ್ನಡ, ಅರ್ಧ ನಿಮಿಷಕ್ಕಿಂತ ಉದ್ದ ಇಲ್ಲ. "ಯಕ್ಕಾ, ನಾ ಸಿಸ್ಟರ್ ಮಾತಾಡಾಕತ್ತೀನಿ. ಮಂಗಳವಾರ ಟ್ಯಾಂಕರ್ ಬರೂ ಹೊತ್ತಿಗೆ ಬರ್ತೀನಿ. ನಿನ್ನ ಪ್ಲಾಸ್ಟಿಕ್ ಚೀಲ ತಗೊಂಡ್ ಬಾ." ಅಷ್ಟೇ. ಯಾರು ಕೇಳಿದರೂ ಇದರಲ್ಲಿ ಗುಟ್ಟು ಬಯಲಾಗುವಂಥದ್ದು ಏನಿಲ್ಲ. ಪ್ಲಾಸ್ಟಿಕ್ ಚೀಲ ಅಂದರೆ ನಾವು ಕೊಟ್ಟ ಜಿಪ್ ಕವರ್. ರಿಪೋರ್ಟ್, ಚೀಟಿ, ಕಾರ್ಡ್ ಎಲ್ಲಾ ಅದರಲ್ಲೇ. ಟ್ಯಾಬ್ ಬಂತು ಅಂತ ಕಾಗದ ಬಿಡಿಸಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಚಾರ್ಜ್ ಇಲ್ಲದ ಫೋನಿಗಿಂತ ಸೀರೆಯ ಮಡಿಕೆಯಲ್ಲಿದ್ದ ಕಾರ್ಡೇ ಅವಳನ್ನು ಉಳಿಸಿತು.

ಆಭಾ ನಂಬರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಶುರು ಮಾಡಿತು. ಆಭಾ ಅದರಲ್ಲಿ ಸಿಗುವ 14 ಅಂಕಿಯ ನಂಬರ್. ಬೇರೆ ಬೇರೆ ಆಸ್ಪತ್ರೆಯ ದಾಖಲೆಗಳನ್ನು ಒಂದೇ ಕಡೆ ಜೋಡಿಸಲು ಇದು. ಒಂದು ಮಾತು ಎಲ್ಲರಿಗೂ ಹೇಳುತ್ತೇನೆ: ಇದು 5 ಲಕ್ಷದ ಆಯುಷ್ಮಾನ್ ಕಾರ್ಡ್ ಅಲ್ಲ. ಅದು ಬೇರೆ, ಇದು ಬೇರೆ. ಆಭಾ ಇದ್ದರೆ ಆಪರೇಷನ್ ಫ್ರೀ ಅಂದುಕೊಂಡು ಆಸ್ಪತ್ರೆಗೆ ಹೋಗಿ ಬರಿಗೈಲಿ ಬಂದವರನ್ನು ನೋಡಿದ್ದೇನೆ.

ಆಭಾ ಮಾಡಿಸುವುದೂ ಸುಲಭ ಇಲ್ಲ. ಆಧಾರ್‌ಗೆ ಜೋಡಿಸಿದ ಫೋನಿಗೆ ಓಟಿಪಿ ಬರುತ್ತದೆ. ಆ ಫೋನ್ ಎಲ್ಲಿ? ಒಂದು ಸಂಜೆ ಶಹಾಪುರದ ಕಡೆಯ ತುಂಬು ಬಸುರಿ ಒಬ್ಬಳು ನನ್ನ ಮುಂದೆ ಕುಳಿತಿದ್ದಳು. ಓಟಿಪಿ ಹೋದದ್ದು ಊರಲ್ಲಿರುವ ಅಣ್ಣನಿಗೆ. ಅವನು ಎತ್ತು ಹೊಡೆದುಕೊಂಡು ಹೊಲದಿಂದ ಬರುತ್ತಿದ್ದ. ಗಂಡನ ಫೋನಿನಿಂದ ಅವನಿಗೆ ಕರೆ ಮಾಡಿದಳು. "ಅಣ್ಣಾ, ಮೆಸೇಜ್ ನೋಡು, ಲಗೂ ಹೇಳು." ಅವನಿಗೆ ಇಂಗ್ಲಿಷ್ ಅಕ್ಷರ ಬಾರದು, ಅಂಕಿ ಬರುತ್ತವೆ. ಒಂದೊಂದೇ ಅಂಕಿ ಹೇಳುತ್ತಾ ಹೋದ. ನಾಲ್ಕನೇ ಅಂಕಿಗೆ ನೆಟ್‌ವರ್ಕ್ ಹೋಯಿತು. ಮತ್ತೆ ಹಚ್ಚುವಷ್ಟರಲ್ಲಿ ಓಟಿಪಿಯ ಸಮಯ ಮುಗಿದಿತ್ತು. ಮೂರನೇ ಸಲಕ್ಕೆ ಆಯಿತು. ಅಲ್ಲಿಂದ ನಾನು ಕಲಿತದ್ದು, ಹಿಂದಿನ ದಿನವೇ ಊರಿಗೆ ಫೋನ್ ಮಾಡಿ ಅಣ್ಣನನ್ನೋ ಮಾವನನ್ನೋ ತಯಾರು ಮಾಡಿಸಬೇಕು. ಯಾರೋ ಕೇಳಿದರು ಅಂತ ಓಟಿಪಿ ಹೇಳಬಾರದು ಅಂತಲೂ ಅದೇ ಕರೆಯಲ್ಲಿ ತಿಳಿಸಬೇಕು. ತಂಗಿಯ ದನಿ ಕೇಳಿದ ಮೇಲಷ್ಟೇ ಹೇಳಿ ಅನ್ನುತ್ತೇನೆ.

ದುಡ್ಡಿನ ವಿಷಯದಲ್ಲೂ ಇದೇ ಪ್ರಶ್ನೆ. ಟಿಬಿ ರೋಗಿಗೆ ಪೌಷ್ಟಿಕ ಊಟಕ್ಕೆ ಅಂತ ಸರ್ಕಾರ 2018ರ ಏಪ್ರಿಲ್‌ನಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರ್‌ನಿಂದ ಅದು 1000 ಆಗಿದೆ. ಅದು ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆ ಯಾರದು, ಎಟಿಎಂ ಕಾರ್ಡ್ ಯಾರ ಕಿಸೆಯಲ್ಲಿದೆ ಅಂತ ಕೇಳದಿದ್ದರೆ, ಬಂದ ದುಡ್ಡಿನಲ್ಲಿ ಅವಳ ತಟ್ಟೆಗೆ ಒಂದು ತತ್ತಿಯೂ ಬೀಳದೇ ಹೋಗಬಹುದು.

ಡಾಕ್ಟರ ಜೊತೆ ಮಾತಾಡಿಸುವುದು ಇನ್ನೊಂದು ಕೆಲಸ. ವಿಡಿಯೋ ಕಾಲ್ ಚೆನ್ನ ಅಂತ ಎಲ್ಲರೂ ಹೇಳುತ್ತಾರೆ. ತಗಡಿನ ಶೆಡ್ ಒಳಗೆ ವಿಡಿಯೋ ನಿಂತು ನಿಂತು ಬರುತ್ತದೆ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ನಿಯಮದಲ್ಲಿ ವಿಡಿಯೋ ಜೊತೆಗೆ ಬರೀ ಮಾತು, ಬರಹಕ್ಕೂ ಅವಕಾಶವಿದೆ. ಹಾಗಾಗಿ ನಾನು ಮೊದಲು ಫೋಟೋ ಕಳಿಸಿ, ಆಮೇಲೆ ಸಾದಾ ಕರೆ ಮಾಡಿಸುತ್ತೇನೆ. ಸಿಮೆಂಟ್ ಕಲಸುವವರ ಕೈಗೆ ಬರುವ ತುರಿಕೆ, ಬಿರುಕು ಇಲ್ಲಿ ದಿನದ ಗೋಳು. ಅದರ ಫೋಟೋ ತೆಗೆಯಲು ಶೆಡ್‌ನಿಂದ ಹೊರಗೆ, ನೆರಳಲ್ಲಿ ಆದರೆ ಬೆಳಕಿರುವ ಕಡೆ ಕೂಡಿಸುತ್ತೇನೆ. ಕೈ ತೊಳೆಸುತ್ತೇನೆ, ಇಲ್ಲದಿದ್ದರೆ ಸಿಮೆಂಟ್ ಯಾವುದು, ಚರ್ಮ ಯಾವುದು ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಒಂದು ಬಾಲ್‌ಪೆನ್ ಇಡುತ್ತೇನೆ, ಗಾಯದ ಅಳತೆ ಡಾಕ್ಟರಿಗೆ ತಿಳಿಯಲಿ ಅಂತ. ಮುಖ ಬರದಂತೆ ನೋಡುತ್ತೇನೆ. ತೆಗೆದ ಫೋಟೋ ಅವರಿಗೆ ತೋರಿಸಿ, "ಕಳಿಸ್ಲೇನ್ರಿ?" ಅಂತ ಕೇಳಿಯೇ ಕಳಿಸುತ್ತೇನೆ.

ಡಾಕ್ಟರು ಮರಾಠಿಯಲ್ಲಿ ಕೇಳುತ್ತಾರೆ, ನಾನು ಕನ್ನಡದಲ್ಲಿ ಹೇಳುತ್ತೇನೆ. "ಎದಿ ಉರಿತೈತಿ" ಅಂದರೆ ಒಬ್ಬರಿಗೆ ಆ್ಯಸಿಡಿಟಿ, ಇನ್ನೊಬ್ಬರಿಗೆ ಮನಸ್ಸಿನ ಸಂಕಟ. ಇದನ್ನು ಯಾವ ಮಷೀನಿಗೂ ಬಿಡಲು ನನಗೆ ಮನಸ್ಸಿಲ್ಲ. ಮನಸ್ಸಿನ ಸಂಕಟ ಇದ್ದವರಿಗೆ 14416 ಬರೆದುಕೊಡುತ್ತೇನೆ. ಇದು ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ವರ್ಷದ ಕಷ್ಟದ ದಿನಗಳು ಅಂದರೆ ತೊಗರಿ ರಾಶಿಯ ಕಾಲ. ಡಿಸೆಂಬರ್ ಬಂತೆಂದರೆ ಕ್ಯಾಂಪ್ ಅರ್ಧ ಖಾಲಿ. ಎಳ್ಳ ಅಮಾವಾಸ್ಯೆ ಮುಗಿಸಿ ಬರುತ್ತೇವೆ ಅಂತ ಹೋದವರು ಬೇರೆ ಗುತ್ತೇದಾರನ ಜೊತೆ ಮುಂಬೈಗೆ ಹೋಗಿಬಿಡುತ್ತಾರೆ. ಹಾಗಾಗಿ ನವೆಂಬರ್‌ನಲ್ಲೇ ಊರಿಗೆ ಹೋಗುವವರ ಪಟ್ಟಿ ಮಾಡುತ್ತೇನೆ. ಬಸುರಿಯರು, ಟಿಬಿಯವರು, ಬಿಪಿ, ಶುಗರ್ ಇರುವವರು. ಪ್ರತಿಯೊಬ್ಬರ ಊರು, ಅಲ್ಲಿಯ ಆರೋಗ್ಯ ಕೇಂದ್ರ, ಆಶಾ ಅಕ್ಕನ ನಂಬರ್. ಬಸುರಿಯರಿಗೆ ತಿಂಗಳ 9ನೇ ತಾರೀಖು ನೆನಪಿಟ್ಟುಕೊಳ್ಳಲು ಹೇಳುತ್ತೇನೆ. ಅವತ್ತು ದೇಶದ ಎಲ್ಲಾ ಕಡೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಯಾವ ಊರಲ್ಲಿದ್ದರೂ ಹೋಗಬಹುದು.

ಕಳೆದ ಸಲದ ಪಟ್ಟಿಯಲ್ಲಿದ್ದವರಲ್ಲಿ ಹೆಚ್ಚಿನವರ ಸುದ್ದಿ ಸಿಕ್ಕಿತು. ಒಬ್ಬ ಆಶಾ ಅಕ್ಕ ಖಾಲಿಯಾದ ಗುಳಿಗೆ ಪಟ್ಟಿಯ ಫೋಟೋ ಕಳಿಸಿದ್ದರು. ಹಿಂದೆ ರಾಶಿ ಮಷೀನಿನ ಸದ್ದಿನಲ್ಲಿ, "ಸಿಸ್ಟರ್, ನಾ ಚಲೋ ಅದೀನಿ" ಅಂತ ಒಬ್ಬಳು ವಾಯ್ಸ್ ಕಳಿಸಿದಳು. ಬಿಪಿ ಇದ್ದ ಒಬ್ಬ ಗಾರೆಯವನ ಸುದ್ದಿ ಮಾತ್ರ ಇನ್ನೂ ಇಲ್ಲ. ಫೋನ್ ಯಾರ ಹತ್ರ ಅನ್ನುವ ಕಾಲಂನಲ್ಲಿ "ತಮ್ಮ" ಅಂತ ಬರೆದಿದ್ದೇನೆ. ಆ ತಮ್ಮ ಈಗ ಖರಾಡಿಯ ಒಂದು ಸೈಟ್‌ನಲ್ಲಿದ್ದಾನಂತೆ. ಈ ಭಾನುವಾರ ಅಲ್ಲಿಗೆ ಹೋಗುತ್ತಿದ್ದೇನೆ.